ಮೋಟರ್‌ಹೋಮ್ ಜೊತೆಗೆ ಮೊದಲು ಏನೇನು ಕೊಳ್ಳಬೇಕು?

ಮೋಟರ್‌ಹೋಮ್ (ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ) ಅಥವಾ ಕ್ಯಾರವಾನ್ (ಇನ್ನೊಂದು ಗಾಡಿಯ ಹಿಂದೆ ಎಳೆದೊಯ್ಯುವ ಅಂಥದ್ದೇ ಮನೆ) ಕೊಳ್ಳಲು ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಟಿವಿ, ಸೋಲಾರ್ ಪ್ಯಾನೆಲ್ ಬಗ್ಗೆ. ಅವನ್ನೆಲ್ಲ ಆಮೇಲೂ ಹಾಕಿಸಬಹುದು. ಗಾಡಿಯನ್ನೂ ಅದರೊಳಗೆ ಮಲಗುವವರನ್ನೂ ಕಾಪಾಡುವ ಸಾಮಾನು ಮಾತ್ರ ಮೊದಲ ದಿನವೇ ಇರಬೇಕು.

ನಲ್ಲಿಯಿಂದ ಬರುವ ನೀರಿನ ಒತ್ತಡ ತಗ್ಗಿಸುವ ಪ್ರೆಶರ್ ರೆಗ್ಯುಲೇಟರನ್ನೇ ನೋಡಿ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬೆಲೆಯೂ ಜಾಸ್ತಿ ಇಲ್ಲ. ಗಾಡಿಯ ಪೈಪುಗಳಿಗೆ ಸಾಮಾನ್ಯವಾಗಿ 40ರಿಂದ 60 ಪಿಎಸ್ಐ (ಒತ್ತಡ ಅಳೆಯುವ ಮಾನ) ಒತ್ತಡ ಸರಿ. ತಂಗುವ ಜಾಗದ ನಲ್ಲಿಯಲ್ಲಿ ಅದಕ್ಕಿಂತ ತುಂಬಾ ಹೆಚ್ಚು ಬರಬಹುದು. ಸಿಂಕ್ ಕೆಳಗಿನ ಒಂದು ಜಾಯಿಂಟ್ ಸ್ವಲ್ಪ ಬಿಟ್ಟುಕೊಂಡರೂ ಸಾಕು, ನೀರು ಸದ್ದಿಲ್ಲದೆ ನೆಲಹಾಸಿನಡಿಯ ಪ್ಲೈವುಡ್‌ಗೆ ಇಳಿಯುತ್ತದೆ. ಕಾಲಿಟ್ಟಲ್ಲಿ ನೆಲ ಮೆತ್ತಗಾಗುವವರೆಗೆ ಯಾರಿಗೂ ಗೊತ್ತೇ ಆಗುವುದಿಲ್ಲ. ರೆಗ್ಯುಲೇಟರನ್ನು ಗಾಡಿಯ ಕಡೆ ಹಾಕಬೇಡಿ, ನಲ್ಲಿಗೇ ಹಾಕಿ. ಆಗ ಹೋಸ್ ಪೈಪೂ ಉಳಿಯುತ್ತದೆ. ಅಂದಹಾಗೆ, ಕುಡಿಯುವ ನೀರಿನ ಪೈಪ್ ಬೇರೆಯೇ ಇರಲಿ. ಟಾಯ್ಲೆಟ್ ಟ್ಯಾಂಕ್ ತೊಳೆಯುವ ಪೈಪನ್ನು ಅದರ ಜೊತೆ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ.

ಗಾಡಿ ಸಮವಾಗಿ ನಿಲ್ಲಲು ಚಕ್ರದ ಕೆಳಗೆ ಇಡುವ ಲೆವೆಲಿಂಗ್ ಬ್ಲಾಕ್ ಬರೀ ನಿದ್ದೆಯ ಸುಖಕ್ಕೆ ಅಂತ ಹಲವರು ಅಂದುಕೊಂಡಿರುತ್ತಾರೆ. ಗ್ಯಾಸ್‌ನಲ್ಲೂ ನಡೆಯುವ ಅಬ್ಸಾರ್ಪ್ಷನ್ ಫ್ರಿಡ್ಜ್ ಇದ್ದರೆ ಅದು ಬೇಕೇ ಬೇಕು. ಆ ಫ್ರಿಡ್ಜ್‌ನಲ್ಲಿ ಕಂಪ್ರೆಸರ್ ಇರುವುದಿಲ್ಲ. ಒಳಗಿನ ಅಮೋನಿಯಾ ದ್ರಾವಣ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಸುತ್ತಬೇಕು. ಗಾಡಿ ತುಂಬಾ ವಾಲಿದರೆ ದ್ರಾವಣ ಅಲ್ಲಲ್ಲೇ ನಿಂತುಬಿಡುತ್ತದೆ, ಕೂಲಿಂಗ್ ಯೂನಿಟ್ ಕಾದು ಹಾಳಾಗುತ್ತದೆ. ಚಕ್ರ ಉರುಳದಂತೆ ತಡೆಯುವ ಅಡ್ಡಗಟ್ಟೆಯನ್ನೂ ಜೊತೆಗೇ ತಗೊಳ್ಳಿ.

ಕರೆಂಟ್ ದಿಢೀರನೆ ಏರಿದಾಗ ಗಾಡಿಯ ಸಾಮಾನು ಕಾಪಾಡುವ ಸರ್ಜ್ ಪ್ರೊಟೆಕ್ಟರ್ ಕೊಳ್ಳುವಾಗ ಕಡಿಮೆ ವೋಲ್ಟೇಜ್ ಬಂದರೂ ಲೈನ್ ಕಡಿಯುತ್ತದಾ ಅಂತ ಕೇಳಿ. ವೋಲ್ಟೇಜ್ ಇಳಿದಾಗ ಏಸಿ ಕಂಪ್ರೆಸರ್ ಕಷ್ಟಪಟ್ಟು ಓಡಿ ಸುಟ್ಟುಹೋಗಬಹುದು. ಟಯರ್ ಗಾಳಿ ತೋರಿಸುವ ಮಾನಿಟರ್ ಕೂಡ ದುಡ್ಡಿಗೆ ಮೋಸವಿಲ್ಲದ ಸಾಮಾನು. ಎಳೆದುಕೊಂಡು ಹೋಗುವ ಗಾಡಿಗಂತೂ ಇನ್ನೂ ಮುಖ್ಯ. ಹಿಂದಿನ ಟಯರ್ ಗಾಳಿ ಇಳಿದದ್ದು ಸ್ಟೇರಿಂಗ್ ಹಿಡಿದವರಿಗೆ ಬೇಗ ಗೊತ್ತಾಗುವುದಿಲ್ಲ ಅಲ್ವಾ?

ಗ್ಯಾಸ್ ಅಲಾರಂ, ಕಾರ್ಬನ್ ಮಾನಾಕ್ಸೈಡ್ (ಉರಿ ಸರಿಯಾಗಿ ಉರಿಯದಿದ್ದಾಗ ಹುಟ್ಟುವ, ವಾಸನೆಯಿಲ್ಲದ ವಿಷಗಾಳಿ) ಅಲಾರಂ ಎರಡೂ ಇರಲೇಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಹತ್ತಿರ ತುಂಬಿಕೊಳ್ಳುತ್ತದೆ. ಅದಕ್ಕೇ ಅದರ ಅಲಾರಂ ಕೆಳಗೆ ಇರುತ್ತದೆ. ಅದರ ಮುಂದೆ ಚೀಲ, ಚಪ್ಪಲಿ ಒಟ್ಟಬೇಡಿ. ಹಳೇ ಗಾಡಿ ಕೊಳ್ಳುವುದಾದರೆ ಅಲಾರಂ ಹಿಂದೆ ಬರೆದಿರುವ ತಾರೀಖು ನೋಡಿ. ಒಳಗಿನ ಸೆನ್ಸರ್‌ಗೆ ಆಯಸ್ಸು ಇಷ್ಟೇ ಅಂತ ಇರುತ್ತದೆ.

ಉಳಿದ ಸೌಕರ್ಯಗಳಿಗೆ ಎರಡು ಮೂರು ಪ್ರವಾಸ ಮುಗಿಯುವ ತನಕ ಕಾಯಿರಿ. ಹಾಕಿಸುವ ಪ್ರತಿ ವಸ್ತುವಿಗೂ ತೂಕವಿದೆ. ಗಾಡಿ ಹೊರಬಹುದಾದ ತೂಕ ಎಷ್ಟು ಅಂತ ಅದರ ಸ್ಟಿಕ್ಕರ್ ಮೇಲೆ ಬರೆದಿರುತ್ತದೆ. 100 ಲೀಟರ್ ನೀರು ತುಂಬಿಸಿದರೆ ಅಲ್ಲೇ 100 ಕಿಲೋ ಆಯಿತು. ನೀರು, ಗ್ಯಾಸ್, ಸಾಮಾನು, ಮನೆಮಂದಿ ಎಲ್ಲ ಏರಿದ ಮೇಲೆ ಒಮ್ಮೆ ವೇಬ್ರಿಜ್ (ಗಾಡಿ ತೂಗುವ ದೊಡ್ಡ ತಕ್ಕಡಿ) ಮೇಲೆ ನಿಲ್ಲಿಸಿ ನೋಡಿ. ಮಿಕ್ಕ ಕಿಲೋ ಎಷ್ಟು ಅಂತ ತಿಳಿದ ಮೇಲೆ ಸೋಲಾರ್, ಹೆಚ್ಚುವರಿ ಬ್ಯಾಟರಿ ಬಗ್ಗೆ ಮಾತಾಡೋಣ.