ಅಮೆರಿಕದ ಹೈಸ್ಕೂಲಿನಲ್ಲಿ ಚಿತ್ರ, ಸಂಗೀತ, ಗೃಹವಿಜ್ಞಾನ ಅಂಚಿಗೆ ಸರಿದದ್ದು ಹೇಗೆ

ಅಮೆರಿಕದ ಹೈಸ್ಕೂಲುಗಳಲ್ಲಿ ಚಿತ್ರಕಲೆ, ಸಂಗೀತ, ಗೃಹವಿಜ್ಞಾನ ಇವತ್ತು ಬಹುಪಾಲು ಐಚ್ಛಿಕ ವಿಷಯಗಳು. ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಇವಕ್ಕೇ. ಮಕ್ಕಳ ಬೇಸರ ಕಳೆಯಲು ಸೇರಿಸಿದ ವಿಷಯಗಳು, ಹೋದರೆ ಹೋಗಲಿ ಎಂಬ ಮಾತೂ ಕೇಳಿಬರುತ್ತದೆ. ಆ ಮಾತು ತಪ್ಪು. ಮೂರೂ ಶಾಲೆಯೊಳಗೆ ಬಂದದ್ದು ಗಟ್ಟಿ ಅಗತ್ಯಗಳಿಗಾಗಿ. ಅಂಚಿಗೆ ಸರಿದದ್ದು ವೇಳಾಪಟ್ಟಿಯ ಲೆಕ್ಕದಿಂದ.

ಸಂಗೀತ ಮೊದಲು ಬಂತು. ಸಂಗೀತಗಾರ ಲೋವೆಲ್ ಮೇಸನ್ ಬಾಸ್ಟನ್ನಿನ ಶಾಲೆಯೊಂದರಲ್ಲಿ ಸಂಬಳವಿಲ್ಲದೆ ಹಾಡು ಕಲಿಸಿ ತೋರಿಸಿದ ಮೇಲೆ, 1838ರಲ್ಲಿ ಅಲ್ಲಿನ ಶಾಲಾ ಸಮಿತಿ ಅದನ್ನು ಪಾಠಗಳ ಪಟ್ಟಿಗೆ ಸೇರಿಸಿತು. ಚಿತ್ರಕಲೆಯ ಹಿಂದೆ ನಿಂತವರು ಕಾರ್ಖಾನೆಯವರು. ಯುರೋಪಿನ ಬಟ್ಟೆ, ಪಿಂಗಾಣಿ, ಲೋಹದ ಸಾಮಾನುಗಳ ಅಂದದ ಮುಂದೆ ತಮ್ಮ ಮಾಲು ನಿಲ್ಲುವುದಿಲ್ಲ ಎಂಬುದು ಅವರ ಚಿಂತೆ. 1870ರಲ್ಲಿ ಮ್ಯಾಸಚುಸೆಟ್ಸ್ ರಾಜ್ಯ ಶಾಲೆಗಳಲ್ಲಿ ರೇಖಾಚಿತ್ರ ಕಲಿಸಲೇಬೇಕೆಂದು ಕಾನೂನು ಮಾಡಿತು. ಹತ್ತು ಸಾವಿರಕ್ಕಿಂತ ಹೆಚ್ಚು ಜನರಿರುವ ಊರುಗಳು ಹದಿನೈದು ದಾಟಿದವರಿಗೂ ಕೈಗಾರಿಕಾ ಡ್ರಾಯಿಂಗ್ ಉಚಿತವಾಗಿ ಕಲಿಸಬೇಕೆಂದಿತು. ಇದನ್ನು ನಡೆಸಲು ಇಂಗ್ಲೆಂಡಿನಿಂದ ವಾಲ್ಟರ್ ಸ್ಮಿತ್ ಬಂದರು. ಅವರ ಪಾಠದಲ್ಲಿ ಸರಳರೇಖೆ, ವೃತ್ತ, ಜ್ಯಾಮಿತಿಯ ವಿನ್ಯಾಸಗಳದ್ದೇ ಮೇಲುಗೈ.

ಗೃಹವಿಜ್ಞಾನದ ಹುಟ್ಟು ರಸಾಯನಶಾಸ್ತ್ರದಲ್ಲಿದೆ. ಎಲೆನ್ ಸ್ವಾಲೋ ರಿಚರ್ಡ್ಸ್ 1873ರಲ್ಲಿ ಮ್ಯಾಸಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ (ಎಂಐಟಿ) ಪದವಿ ಪಡೆದ ಮೊದಲ ಮಹಿಳೆ. ನೀರು, ಗಾಳಿ, ಆಹಾರದ ಕಲಬೆರಕೆ ಪರೀಕ್ಷಿಸುವುದು ಅವರ ಕಸುಬು. ಮನೆ ನಡೆಸುವುದಕ್ಕೂ ಅದೇ ವಿಜ್ಞಾನ ಬೇಕೆಂದು ಅವರು ಪಟ್ಟು ಹಿಡಿದರು. 1899ರಲ್ಲಿ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲ್ಯಾಸಿಡ್‌ನಲ್ಲಿ ಆರಂಭವಾಗಿ 1908ರವರೆಗೆ ನಡೆದ ಸಮ್ಮೇಳನಗಳ ಸರಣಿಯಲ್ಲಿ ವಿಷಯಕ್ಕೆ ‘ಹೋಮ್ ಎಕನಾಮಿಕ್ಸ್’ ಎಂಬ ಹೆಸರು ನಿಂತಿತು, ಪಠ್ಯದ ರೂಪರೇಷೆ ಸಿದ್ಧವಾಯಿತು.

ಆ ವಿಜ್ಞಾನ ತರಗತಿಯಲ್ಲಿ ಹೇಗಿರುತ್ತದೆ ಎಂಬುದಕ್ಕೆ ಮಫಿನ್ (ಪುಟ್ಟ ಕೇಕಿನಂಥ ತಿನಿಸು) ಪಾಠ ನೋಡಿ. ಪೀರಿಯಡ್ 50 ನಿಮಿಷ. ಯೀಸ್ಟ್ ಹಾಕಿದ ಹಿಟ್ಟು ಮೊದಲ ಸಲ ಉಬ್ಬುವುದಕ್ಕೇ ಸುಮಾರು ಒಂದು ಗಂಟೆ ಬೇಕು, ಹಾಗಾಗಿ ಬ್ರೆಡ್ ಆಗದು. ಬೇಕಿಂಗ್ ಪೌಡರಿನ ಮಫಿನ್ ಆಗುತ್ತದೆ: ಹಾಜರಿ, ಏಪ್ರನ್‌ಗೆ 5 ನಿಮಿಷ, ಅಳೆದು ಕಲಸಲು 10, ಸುಮಾರು 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಬೇಯಲು 20, ರುಚಿ ನೋಡಿ ತೊಳೆದಿಡಲು 15. ಮೊದಲ ತಪ್ಪು ಅಳತೆಯಲ್ಲೇ ಆಗುತ್ತದೆ. ಮೈದಾವನ್ನು ಚಮಚದಿಂದ ಕಪ್ಪಿಗೆ ತುಂಬಿ ಮೇಲೆ ಸವರಿದರೆ 120–125 ಗ್ರಾಂ. ಕಪ್ಪನ್ನೇ ಹಿಟ್ಟಿನೊಳಗೆ ಅದ್ದಿ ಒತ್ತಿ ತೆಗೆದರೆ 140 ದಾಟುತ್ತದೆ, ಮಫಿನ್ ಒಣಗುತ್ತದೆ. ಎರಡನೆಯದು ಕಲಸುವಾಗ. ಒಣಹಿಟ್ಟಿಗೆ ಹಾಲು, ಮೊಟ್ಟೆ, ಎಣ್ಣೆ ಸುರಿದ ಮೇಲೆ ಹದಿನೈದು ಸುತ್ತಿನ ಆಸುಪಾಸಿನಲ್ಲಿ ಕೈ ನಿಲ್ಲಿಸಬೇಕು, ಗಂಟು ಉಳಿದರೂ ಸರಿಯೇ. ನುಣುಪಾಗಲಿ ಎಂದು ಕಲಸುತ್ತಲೇ ಹೋದರೆ ಹಿಟ್ಟಿನ ಅಂಟು ಪ್ರೋಟೀನಾದ ಗ್ಲೂಟೆನ್ ಎಳೆ ಬಿಗಿಯುತ್ತದೆ. ಒಳಗಿನ ಅನಿಲ ಸಮನಾಗಿ ಹರಡದೆ ಮೇಲ್ಮುಖವಾಗಿ ಸುರಂಗ ಕೊರೆಯುತ್ತದೆ, ನೆತ್ತಿ ಚೂಪಾಗುತ್ತದೆ. ಮಫಿನ್ನನ್ನು ಉದ್ದಕ್ಕೆ ಸೀಳಿದರೆ ಸುರಂಗ ಕಣ್ಣಿಗೇ ಕಾಣುತ್ತದೆ. ಕಾರಣ ಮತ್ತು ಪರಿಣಾಮ ಒಂದೇ ಪೀರಿಯಡ್ಡಿನಲ್ಲಿ ಕೈಗೆ ಸಿಗುವ ಇಂಥ ಪ್ರಯೋಗ ಬೇರೆ ತರಗತಿಗಳಲ್ಲಿ ಅಪರೂಪ.

1917ರ ಸ್ಮಿತ್–ಹ್ಯೂಸ್ ಕಾಯ್ದೆ ಗೃಹವಿಜ್ಞಾನ ಶಿಕ್ಷಕರ ಸಂಬಳಕ್ಕೆ ಕೇಂದ್ರದ ಹಣ ತಂದಿತು. ಆದರೆ ಕಸುಬು, ಕೈಗಾರಿಕೆ, ಗೃಹವಿಜ್ಞಾನ ಮೂರಕ್ಕೂ ಸೇರಿ ಕೊಟ್ಟ ಮೊತ್ತದಲ್ಲಿ ಗೃಹವಿಜ್ಞಾನಕ್ಕೆ ಶೇ. 20ರ ಮಿತಿ ಹಾಕಿತು. ವಿಷಯ ಉಳಿಯಿತು, ಆದರೆ ‘ಹುಡುಗಿಯರ ಪಾಠ’ವಾಗಿ ಗಟ್ಟಿಗೊಂಡಿತು. ರಿಚರ್ಡ್ಸ್ ಹಚ್ಚಿದ ವಿಜ್ಞಾನದ ಮುದ್ರೆ ಅಳಿಸುತ್ತ ಬಂದದ್ದು ನಿಜಕ್ಕೂ ದೊಡ್ಡ ನಷ್ಟ. ಹುಡುಗ–ಹುಡುಗಿಯರ ಗೋಡೆ ಒಡೆದದ್ದು 1972ರ ಟೈಟಲ್ ನೈನ್ ಕಾನೂನು. 1975ರಲ್ಲಿ ಜಾರಿಗೆ ಬಂದ ಅದರ ನಿಯಮಗಳ ಪ್ರಕಾರ ಗೃಹವಿಜ್ಞಾನಕ್ಕಾಗಲಿ ಮರಗೆಲಸಕ್ಕಾಗಲಿ ಲಿಂಗ ನೋಡಿ ಸೇರಿಸುವಂತಿಲ್ಲ. ಸಂಗೀತಕ್ಕೆ ಒಂದು ವಿನಾಯಿತಿ ಇದೆ: ಕಂಠದ ಶ್ರುತಿವ್ಯಾಪ್ತಿ ನೋಡಿ ಗಾಯನವೃಂದ ಆರಿಸಬಹುದು, ಅದರಲ್ಲಿ ಒಂದೇ ಲಿಂಗದವರು ತುಂಬಿದರೂ ತಪ್ಪಿಲ್ಲ.

ಇನ್ನು ಲೆಕ್ಕದ ಕಥೆ. 1906ರಲ್ಲಿ ಕಾರ್ನೆಗಿ ಪ್ರತಿಷ್ಠಾನ ಹೈಸ್ಕೂಲಿನ ಓದನ್ನು ಒಂದು ವಿಷಯಕ್ಕೆ ವರ್ಷಕ್ಕೆ 120 ಗಂಟೆಯ ‘ಯೂನಿಟ್’ಗಳಲ್ಲಿ ಅಳೆಯಲು ಶುರುಮಾಡಿತು. ಪ್ರಾಧ್ಯಾಪಕರಿಗೆ ಅದು ಕೊಡುವ ಪಿಂಚಣಿ ಬೇಕಿದ್ದರೆ ಕಾಲೇಜುಗಳು ಈ ಅಳತೆ ಒಪ್ಪಬೇಕಿತ್ತು, ಒಪ್ಪಿದವು. ಅಲ್ಲಿಂದ ಪ್ರತಿ ವಿಷಯವೂ ಸೀಮಿತ ಗಂಟೆಗಳಿಗೆ ಪೈಪೋಟಿ ಮಾಡಬೇಕಾಯಿತು. ದಿನಕ್ಕೆ ಆರು ಪೀರಿಯಡ್ ಇರುವ ಶಾಲೆಯಲ್ಲಿ ನಾಲ್ಕು ವರ್ಷಕ್ಕೆ ಸಿಗುವುದು 24 ಜಾಗ. 1983ರ ಸರ್ಕಾರಿ ವರದಿ ‘ಎ ನೇಶನ್ ಅಟ್ ರಿಸ್ಕ್’ ಇಂಗ್ಲಿಷ್ 4, ಗಣಿತ 3, ವಿಜ್ಞಾನ 3, ಸಮಾಜ 3, ಕಂಪ್ಯೂಟರ್ ಅರ್ಧ ವರ್ಷ ಎಂದಿತು. ಕಾಲೇಜಿಗೆ ಹೋಗುವವರಿಗೆ ವಿದೇಶಿ ಭಾಷೆ 2 ವರ್ಷ. ಅಲ್ಲಿಗೆ 15.5 ಹೋಯಿತು. ವ್ಯಾಯಾಮ, ಆರೋಗ್ಯ, ರಾಜ್ಯ ಹೇರಿದ ಬೇರೆ ವಿಷಯ ಕಳೆದರೆ ಉಳಿಯುವುದು ಬೆರಳೆಣಿಕೆಯಷ್ಟು. 2002ರಲ್ಲಿ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಎಂಬ ಕೇಂದ್ರ ಕಾಯ್ದೆ ಜಾರಿಯಾದ ಮೇಲೆ, ಅದು ಕಡ್ಡಾಯ ಮಾಡಿದ ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಕ್ಕಳಿಗೆ ಎಷ್ಟೋ ಶಾಲೆಗಳು ಗಣಿತ, ಓದಿನ ಎರಡನೇ ಪೀರಿಯಡ್ ಹಾಕಿದವು. ಆ ಪೀರಿಯಡ್ ಬಂದದ್ದು ಐಚ್ಛಿಕದ ಜಾಗದಿಂದಲೇ. ಹಾಗೆ ಹಿಂದೆ ಬಿದ್ದ ಮಕ್ಕಳಿಗೇ ಕೈಪಾಠ ತಪ್ಪಿತು.

ಇದರಲ್ಲಿ ಹೆಚ್ಚು ಪೆಟ್ಟು ತಿನ್ನುವುದು ಬ್ಯಾಂಡ್. ಹಿರಿಯ ವಿದ್ಯಾರ್ಥಿಗಳ ಬ್ಯಾಂಡ್ ದಿನಕ್ಕೆ ಒಂದೇ ಪೀರಿಯಡ್ ಇರುತ್ತದೆ. ಮುಂದುವರಿದ ಭೌತಶಾಸ್ತ್ರದ ಒಂದೇ ಬ್ಯಾಚ್ ಅದೇ ಹೊತ್ತಿಗೆ ಬಿದ್ದರೆ ವಿದ್ಯಾರ್ಥಿ ಒಂದನ್ನು ಬಿಡಲೇಬೇಕು. ಬಿಟ್ಟವನು ಊದುತ್ತಿದ್ದುದು ಓಬೋದಂಥ ಕಡಿಮೆ ಜನ ನುಡಿಸುವ ವಾದ್ಯ ಆಗಿದ್ದರೆ ಆ ಭಾಗವೇ ಖಾಲಿ. ಹೊಸಬನನ್ನು ತಯಾರು ಮಾಡಲು ಎರಡು ಮೂರು ವರ್ಷ ಬೇಕು. ದಿನಕ್ಕೆ 90 ನಿಮಿಷದ ನಾಲ್ಕು ಪೀರಿಯಡ್ ಮಾಡಿ ವರ್ಷಕ್ಕೆ ಎಂಟು ವಿಷಯ ತೂರಿಸುವ ವ್ಯವಸ್ಥೆ ಜಾಗ ಹೆಚ್ಚಿಸುತ್ತದೆ, ಮಣ್ಣಿನ ಪಾತ್ರೆ ಮಾಡುವ ತರಗತಿಗಂತೂ ವರದಾನ. ಆದರೆ ಬ್ಯಾಂಡ್ ಒಂದೇ ಸೆಮಿಸ್ಟರಿಗೆ ಸಿಕ್ಕರೆ ಉಳಿದ ತಿಂಗಳುಗಳಲ್ಲಿ ತುಟಿಯ ಹಿಡಿತ ಸಡಿಲವಾಗುತ್ತದೆ. ದಿನ ಬಿಟ್ಟು ದಿನ ವರ್ಷಪೂರ್ತಿ ನಡೆಸುವ ಪದ್ಧತಿಯೇ ಸಂಗೀತಕ್ಕೆ ಒಗ್ಗುತ್ತದೆ.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. 2015ರ ಕೇಂದ್ರ ಶಿಕ್ಷಣ ಕಾಯ್ದೆ ಕಲೆ, ಸಂಗೀತವನ್ನು ಸಮಗ್ರ ಶಿಕ್ಷಣದ ಭಾಗವೆಂದು ಹೆಸರಿಸಿತು. 2022ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರೊಪೊಸಿಷನ್ 28 ಎಂಬ ಜನಮತದ ಪ್ರಸ್ತಾವ ಒಪ್ಪಿ ಕಲಾಶಿಕ್ಷಣಕ್ಕೆ ಪ್ರತ್ಯೇಕ ಹಣ ಕಟ್ಟಿಟ್ಟರು; 500 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಾಲಾ ಜಿಲ್ಲೆಗಳು ಅದರ ಶೇ. 80ರಷ್ಟನ್ನಾದರೂ ನೇಮಕಾತಿಗೆ ಖರ್ಚು ಮಾಡಬೇಕು. ಹಣ ಸಿಗುವ ಕಲೆಗಳ ಪಟ್ಟಿಯಲ್ಲಿ ನಾಟಕದ ವೇಷಭೂಷಣ ವಿನ್ಯಾಸವಿದೆ, ಗೃಹವಿಜ್ಞಾನದ ಹೆಸರಿಲ್ಲ. ಹೊಲಿಗೆ ಯಂತ್ರ ಅದೇ, 5/8 ಅಂಗುಲದ ಹೊಲಿಗೆ ಅಂಚೂ ಅದೇ. ರಂಗದ ಅಂಗಿ ಹೊಲಿದರೆ ಹಣ ಸಿಗುತ್ತದೆ. ಮನೆಯ ಅಂಗಿಗೆ ಬೇರೆ ಬಾಗಿಲು ತಟ್ಟಬೇಕು.