ಪ್ಲಾನ್ ಬಿಡಿ ಸಾರ್, ಮೊದಲು ಕ್ಯೂ ನೋಡಿ

‘ನೆಟ್ ತುಂಬಾ ಸ್ಲೋ ಕಣ್ರೀ, 200 ಎಂಬಿಪಿಎಸ್ ಪ್ಲಾನ್ ಹಾಕಿಸಿಬಿಡಲಾ?’ ದಾವಣಗೆರೆಯಲ್ಲಿ ಮನೆ, ಅಂಗಡಿ, ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವ ನನಗೆ ಈ ಫೋನು ಬಾರದ ವಾರವಿಲ್ಲ. ನಾನು ಕೇಳೋದು ಒಂದೇ: ಯಾವಾಗ ಸ್ಲೋ? ಉತ್ತರವೂ ಹೆಚ್ಚುಕಮ್ಮಿ ಒಂದೇ. ‘ಒಬ್ಬರೇ ಇದ್ದಾಗ ಚೆನ್ನಾಗಿರುತ್ತೆ. ಮಕ್ಕಳು ಬಂದರೆ ವಿಡಿಯೊ ಕಾಲ್ ನಿಂತು ನಿಂತು ಬರುತ್ತೆ.’

ಈ ಕಾಯಿಲೆಗೆ ಬಫರ್‌ಬ್ಲೋಟ್ ಅಂತ ಹೆಸರು. ಇದಕ್ಕೆ ಮದ್ದು ಹುಡುಕಿ, ಅದನ್ನು ಪುಕ್ಕಟೆ ಹಂಚಲು ಓಡಾಡಿದವರಲ್ಲಿ ಮುಂದೆ ನಿಂತವರು ಅಮೆರಿಕದ ಡೇವ್ ಟಾಹ್ಟ್. 2025ರ ಏಪ್ರಿಲ್ 1ರಂದು ತೀರಿಕೊಂಡರು. ಅವರನ್ನು ನಾನು ನೋಡಿದವನಲ್ಲ. ಆದರೆ ಅವರು ಬೆನ್ನು ಬಿದ್ದು ಮಾಡಿಸಿದ ಕೆಲಸದಿಂದ ನನ್ನ ಹೊಟ್ಟೆ ತುಂಬುತ್ತಿದೆ, ಅದು ನಿಜ.

ಕಾಯಿಲೆ ಏನು ಅನ್ನೋದನ್ನು ನಾನು ಹಿಟ್ಟಿನ ಗಿರಣಿಯ ಲೆಕ್ಕದಲ್ಲಿ ಹೇಳುತ್ತೇನೆ. ಗಿರಣಿ ಗಂಟೆಗೆ ಇಷ್ಟು ಅಂತ ಬೀಸುತ್ತದೆ. ಅದು ನಿಮ್ಮ ಪ್ಲಾನಿನ ಸ್ಪೀಡು. ಮುಂದೆ ಚೀಲ ಇಡೋ ಜಾಗ ಇದೆಯಲ್ಲ, ಅದು ಬಫರ್, ಅಂದರೆ ಡೇಟಾ ತನ್ನ ಸರದಿಗೆ ಕಾಯೋ ಮೆಮೊರಿ. ಜಾಗ ದೊಡ್ಡದಿದ್ದಷ್ಟೂ ಒಳ್ಳೇದು ಅಂದುಕೊಂಡು ಕಂಪನಿಯವರು ರೂಟರ್, ಮೋಡೆಮ್‌ಗಳಲ್ಲಿ ಬಫರ್ ಬೆಳೆಸುತ್ತಾ ಹೋದರು. ಮೆಮೊರಿ ಅಗ್ಗವಾಗಿತ್ತು. ಈಗ ಮಗರಾಯ ಫೋನಿನ ಫೋಟೊ ಎಲ್ಲಾ ಅಪ್‌ಲೋಡಿಗೆ ಹಾಕುತ್ತಾನೆ. ಗೋಧಿ ಚೀಲ ಸಾಲಾಗಿ ಬಂದು ಕೂತವು. ನಿಮ್ಮ ಕಾಲ್ ಅಂದರೆ ಅರ್ಧ ಸೇರು ಕಡಲೆಬೇಳೆ ಡಬ್ಬಿ ಹಿಡಿದು ಬಂದ ಹಾಗೆ. ಚೀಲಗಳೆಲ್ಲ ಮುಗಿಯೋವರೆಗೆ ನೀವು ನಿಂತಿರಬೇಕು.

ಇಲ್ಲೇ ಎಲ್ಲರೂ ಎಡವೋದು, ಹಾಗಾಗಿ ಇನ್ನೊಂದು ಸಲ ಹೇಳುತ್ತೇನೆ. ಗಿರಣಿ ನಿಧಾನವಿಲ್ಲ. ಅದು ಪೂರಾ ಸ್ಪೀಡಿನಲ್ಲೇ ಓಡುತ್ತಿದೆ. ಅದಕ್ಕೇ ಸ್ಪೀಡ್ ಟೆಸ್ಟಿನಲ್ಲಿ 40ಕ್ಕೆ 40 ಬರೋದು. ನಿಮಗೆ ತೊಂದರೆ ಕೊಡುತ್ತಿರೋದು ಕಾಯೋ ಹೊತ್ತು. ಅಪ್‌ಲೋಡ್ 40 ಎಂಬಿಪಿಎಸ್, ಬಫರ್‌ನಲ್ಲಿ 4 ಎಂಬಿ ತುಂಬಿದೆ ಅಂದುಕೊಳ್ಳಿ. ಒಂದು ಎಂಬಿಗೆ 8 ಮೆಗಾಬಿಟ್, ಒಟ್ಟು 32 ಮೆಗಾಬಿಟ್. ಸೆಕೆಂಡಿಗೆ 40ರ ಲೆಕ್ಕದಲ್ಲಿ ಅದು ಖಾಲಿಯಾಗಲು 0.8 ಸೆಕೆಂಡು ಬೇಕು. ಮಾತಾಡುವಾಗ ಒಂದೊಂದು ಪದಕ್ಕೂ ಮುಕ್ಕಾಲು ಸೆಕೆಂಡು ತಡವಾದರೆ ‘ಹಲೋ, ಹಲೋ, ಕೇಳಿಸ್ತಿದೆಯಾ’ ಅನ್ನೋದೇ ಮಾತಾಗುತ್ತದೆ, ಅಲ್ವಾ?

ಇನ್ನೊಂದು ವಿಷಯ. ಕಳಿಸೋ ಕಂಪ್ಯೂಟರು ತಾನಾಗಿ ನಿಧಾನ ಮಾಡೋದು ಸಾಮಾನ್ಯವಾಗಿ ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ತುಂಡು, ಕಳೆದುಹೋದಾಗ. ಗಿರಣಿಯವನು ‘ಜಾಗ ಇಲ್ಲ, ಆಮೇಲೆ ಬನ್ನಿ’ ಅನ್ನಬೇಕು. ಜಾಗ ದೊಡ್ಡದಾದರೆ ಆ ಮಾತು ಬಾಯಿಂದ ಬರೋದೇ ಇಲ್ಲ, ಚೀಲ ಬರುತ್ತಲೇ ಇರುತ್ತವೆ.

ಬಫರ್‌ಬ್ಲೋಟ್ ಅನ್ನೋ ಹೆಸರಿಟ್ಟವರು ಅಮೆರಿಕದ ಪ್ರೋಗ್ರಾಮರ್ ಜಿಮ್ ಗೆಟ್ಟಿಸ್. ಅವರ ಜೊತೆ ಸೇರಿ ಟಾಹ್ಟ್ ಇದರ ಹಿಂದೆ ಬಿದ್ದರು. 2012ರಲ್ಲಿ ನೆಟ್‌ವರ್ಕ್ ಸಂಶೋಧಕರಾದ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಅನ್ನೋ ಉಪಾಯ ಕೊಟ್ಟರು. ಕ್ಯೂನಲ್ಲಿ ಎಷ್ಟು ಪ್ಯಾಕೆಟ್ ಇವೆ ಅಂತ ಎಣಿಸಬೇಡಿ, ಒಂದೊಂದು ಎಷ್ಟು ಹೊತ್ತು ಕಾಯಿತು ನೋಡಿ. 100 ಮಿಲಿಸೆಕೆಂಡಿನುದ್ದಕ್ಕೂ ಕಾಯೋದು 5 ಮಿಲಿಸೆಕೆಂಡಿಗಿಂತ ಕೆಳಗೆ ಇಳಿಯಲೇ ಇಲ್ಲವಾ, ಪ್ಯಾಕೆಟ್ ಬೀಳಿಸೋಕೆ ಶುರು ಮಾಡಿ, ಕಳಿಸೋರು ನಿಧಾನ ಮಾಡುತ್ತಾರೆ. ಅದೇ ವರ್ಷ ಎರಿಕ್ ಡುಮಾಜೆ ಇದಕ್ಕೆ ಬೇರೆ ಬೇರೆ ಸಾಲು ಸೇರಿಸಿ ಎಫ್‌ಕ್ಯೂ-ಕೋಡೆಲ್ ಬರೆದರು, ಅನೇಕ ರೂಟರುಗಳ ಒಳಗೆ ಓಡೋ ಲಿನಕ್ಸ್ ಸಾಫ್ಟ್‌ವೇರಿನ 3.5ನೇ ಆವೃತ್ತಿಗೆ ಅದು ಸೇರಿತು. ಅಂದರೆ ಚೀಲದವರದ್ದು ಒಂದು ಸಾಲು, ಡಬ್ಬಿಯವರದ್ದು ಇನ್ನೊಂದು. ನಮ್ಮ ಕಡೆ ಗಿರಣಿಯವರು ‘ಕೊಡಿ ಅಕ್ಕ, ನಿಮ್ದು ಒಂದು ನಿಮಿಷದ ಕೆಲಸ’ ಅಂತ ಡಬ್ಬಿ ಇಸಕೊಳ್ಳೋದಿಲ್ವಾ, ಹಾಗೆ.

ಹಾಗಾದರೆ ಟಾಹ್ಟ್ ಮಾಡಿದ್ದೇನು? ಬೇರೆಯವರ ಜಾಣತನ ಪೇಪರಿನಲ್ಲೇ ಉಳಿಯದ ಹಾಗೆ ನೋಡಿಕೊಂಡರು. ರೂಟರಿಗೆ ಹಾಕೋ ಪುಕ್ಕಟೆ ಸಾಫ್ಟ್‌ವೇರ್ ಓಪನ್‌ಡಬ್ಲ್ಯುಆರ್‌ಟಿ ಮೇಲೆ ಸೆರೋಡಬ್ಲ್ಯುಆರ್‌ಟಿ ಅಂತ ಕಟ್ಟಿ, ಅಂಗಡಿಯಲ್ಲಿ ಸಿಗೋ ಸಾಮಾನ್ಯ ರೂಟರಿನಲ್ಲಿ ಇದನ್ನೆಲ್ಲ ಓಡಿಸಿ, ಅಳೆದು, ತಪ್ಪು ತಿದ್ದಿಸಿದರು. ವೈಫೈ ಕಡೆಗೂ ಇದನ್ನು ತರೋಕೆ ದುಡಿದರು. 2018ರಲ್ಲಿ ಎಫ್‌ಕ್ಯೂ-ಕೋಡೆಲ್ ಆರ್‌ಎಫ್‌ಸಿ 8290 ಅನ್ನೋ ಇಂಟರ್‌ನೆಟ್ ತಾಂತ್ರಿಕ ದಾಖಲೆಯಾಗಿ ಬಂದಾಗ ಬರೆದವರ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಆಮೇಲೆ ಸಣ್ಣ ಇಂಟರ್‌ನೆಟ್ ಕಂಪನಿಗಳಿಗೆ ಅಂತಲೇ ಇರುವ ಲಿಬ್ರೆಕ್ಯೂಒಎಸ್ ಸಾಫ್ಟ್‌ವೇರ್ ಕೆಲಸಕ್ಕೆ ಕೈಹಾಕಿದರು. ಇಂಥ ಕೆಲಸಕ್ಕೆ ಹೆಸರೂ ಕಮ್ಮಿ, ದುಡ್ಡು ಇನ್ನೂ ಕಮ್ಮಿ.

ಒಂದು ಎಚ್ಚರಿಕೆ. ಎಲ್ಲಾ ಸ್ಲೋಗೂ ಇದೇ ಮದ್ದಲ್ಲ. ಎರಡು ಗೋಡೆ ಆಚೆ ಸಿಗ್ನಲ್ ಸತ್ತಿದ್ದರೆ ಇದೇನೂ ಮಾಡೋದಿಲ್ಲ. ಮೊದಲು ಕೇಬಲ್ ಹಾಕಿ ಪಿಂಗ್ ನೋಡಿ (ಪ್ಯಾಕೆಟ್ ಹೋಗಿ ಬರಲು ಹಿಡಿಯೋ ಹೊತ್ತು, ಮಿಲಿಸೆಕೆಂಡಿನಲ್ಲಿ), ಆಮೇಲೆ ದೊಡ್ಡ ಫೈಲ್ ಅಪ್‌ಲೋಡಿಗೆ ಹಾಕಿ ಮತ್ತೆ ನೋಡಿ. ಎರಡಕ್ಕೂ ಭಾರೀ ವ್ಯತ್ಯಾಸ ಇದ್ದರೆ ಮಾತ್ರ ಕ್ಯೂ ಮೇಲೆ ಅನುಮಾನ ಪಡಿ. ಕಂಪನಿ ಕೊಟ್ಟ ಡಬ್ಬದಲ್ಲಿ ಎಫ್‌ಕ್ಯೂ-ಕೋಡೆಲ್ ಸೆಟ್ಟಿಂಗ್ ಬಹುಶಃ ಇರೋದಿಲ್ಲ. ಪ್ಲಾನ್ ದೊಡ್ಡದು ಮಾಡಿದರೆ ಸ್ವಲ್ಪ ಸುಧಾರಿಸಲೂಬಹುದು, ಇಲ್ಲ ಅನ್ನೋದಿಲ್ಲ.

ಹೋದ ವರ್ಷ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋಗಿದ್ದೆ. ಮಗಳು ಹೊರದೇಶದಲ್ಲಿ. ಸಂಜೆ ಕಾಲ್ ಮಾಡಿದರೆ ಮೊಮ್ಮಗಳ ಮುಖ ಬಾಯಿ ತೆರೆದ ಹಾಗೇ ನಿಂತುಬಿಡುತ್ತಿತ್ತು. ಪಿಂಗ್ ಸುಮ್ನೆ ಇದ್ದಾಗ 18, ಫೋಟೊ ಹೋಗುವಾಗ 900ರ ಮೇಲೆ. ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರ್ ಇಟ್ಟು, ಎಫ್‌ಕ್ಯೂ-ಕೋಡೆಲ್ ಆನ್ ಮಾಡಿ, 40ರ ಲೈನಿಗೆ 36 ಅಂತ ಮಿತಿ ಹಾಕಿದೆ. ಸ್ವಲ್ಪ ಕಮ್ಮಿ ಹಾಕಿದರೇನೇ ಕ್ಯೂ ಕಂಪನಿಯ ಡಬ್ಬದಲ್ಲಿ ಕಟ್ಟದೆ ನಮ್ಮ ರೂಟರಿನಲ್ಲಿ ಕಟ್ಟೋದು, ನಮ್ಮ ಮಾತು ಕೇಳೋದು. ಪಿಂಗ್ 25ಕ್ಕೆ ಇಳಿಯಿತು.

ಮೂರು ತಿಂಗಳಾದ ಮೇಲೆ ಮೇಷ್ಟ್ರ ಫೋನು. ‘ಏನ್ರೀ ಇದು, 200 ಹಾಕಿಸಿದೀನಿ, 36ರ ಮೇಲೆ ಬರ್ತಾನೇ ಇಲ್ಲ!’

‘ಸಾರ್, ಪ್ಲಾನ್ ಬದಲಿಸಿದರೆ ಆ ನಂಬರೂ ಬದಲಿಸಬೇಕು ಅಂದಿದ್ನಲ್ಲ. ಮಗಳ ಕಾಲ್ ಹೇಗೆ ಬರ್ತಿದೆ?’

‘ಅದು ಚೆನ್ನಾಗೇ ಬರ್ತಿದೆ.’

‘ಮತ್ತೆ 200 ಯಾಕೆ ಹಾಕಿಸಿದ್ರಿ ಸಾರ್?’

‘ಆಫರ್ ಇತ್ತು ಕಣ್ರೀ.’