ಕಾವಿಳಿಯದ ಎಂಜಿನ್: ಬಿ-29 ಬಾಂಬರಿನ ರೈಟ್ ಆರ್-3350

ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿದ್ದ ರೈಟ್ ಏರೊನಾಟಿಕಲ್ ಕಂಪನಿ ಆರ್-3350 ಎಂಜಿನ್ನಿನ ಕೆಲಸ ಶುರುಮಾಡಿದ್ದು 1936ರಲ್ಲಿ. ಮರುವರ್ಷ ಮೇ ತಿಂಗಳಲ್ಲಿ ಅದು ಮೊದಲ ಸಲ ಓಡಿತು. ಆದರೆ ಕಂಪನಿಗೆ ಆಗ ಮುಖ್ಯವಾಗಿದ್ದದ್ದು 14 ಸಿಲಿಂಡರಿನ ಆರ್-2600. ದೊಡ್ಡದು ಮೂಲೆ ಸೇರಿತು. ಬೋಯಿಂಗಿನ ಬಿ-29ಕ್ಕೆ ಅದನ್ನೇ ಆರಿಸಿದ ಮೇಲೆ ಧಾವಂತ ಹತ್ತಿತು. ಮುಂದಿನ ಪಾಡಿನಲ್ಲಿ ಅರ್ಧ, ಹೀಗೆ ಕೈಬಿಟ್ಟ ವರ್ಷಗಳ ಸಾಲವೇ.

ಒಂಬತ್ತೊಂಬತ್ತು ಸಿಲಿಂಡರುಗಳ ಎರಡು ಸಾಲು, ಒಟ್ಟು 54.9 ಲೀಟರ್. ಒಂದು ಸಿಲಿಂಡರೇ 3 ಲೀಟರ್, ದೊಡ್ಡ ಕಾರಿನ ಇಡೀ ಎಂಜಿನ್ನಿನಷ್ಟು. ಪ್ರತಿ ಸಾಲಿನಲ್ಲೂ ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ತಿರುಗುವ ಮುಖ್ಯ ದಂಡಕ್ಕೆ, ಸೇರಿಸುವ ಒಂದು ಮಾಸ್ಟರ್ ರಾಡ್, ಅದಕ್ಕೆ ಜೋಡಿಸಿದ ಎಂಟು ಕಿರು ರಾಡುಗಳು. ಸಾಲಿಗೆ ಬೆಸ ಸಂಖ್ಯೆಯೇ ಏಕೆಂದರೆ, ಒಂದು ಬಿಟ್ಟು ಒಂದು ಸಿಲಿಂಡರ್ ಉರಿಯುತ್ತ ಎರಡು ಸುತ್ತಿನಲ್ಲಿ ಎಲ್ಲದರ ಸರದಿಯೂ ಮುಗಿಯಬೇಕು. ಟೇಕಾಫ್‌ನಲ್ಲಿ 2,800 ಆರ್‌ಪಿಎಂಗೆ 2,200 ಅಶ್ವಶಕ್ತಿ. ತೂಕ ಸುಮಾರು 1,200 ಕೆಜಿ. ತೂಕ ಉಳಿಸಲು ಕವಚದ ಕೆಲವು ಭಾಗಗಳನ್ನು ಮ್ಯಾಗ್ನೀಸಿಯಂನಲ್ಲಿ ಎರಕ ಹೊಯ್ದಿದ್ದರು. ಹಗುರವೇನೋ ಹೌದು, ಹೊತ್ತಿಕೊಂಡರೆ ಮಾತ್ರ ಆರಿಸುವುದು ಹೆಚ್ಚುಕಡಿಮೆ ಅಸಾಧ್ಯ.

ರೋಗ ಎರಡು ಕಡೆಯಿಂದ ಬಂತು. ಮೊದಲನೆಯದು ಗಾಳಿಗೆ ಇಂಧನ ಬೆರೆಸುವ ಕಾರ್ಬ್ಯುರೇಟರ್. ಇಂಧನ ಹದಿನೆಂಟಕ್ಕೂ ಸಮನಾಗಿ ಹಂಚಿಕೆಯಾಗುತ್ತಿರಲಿಲ್ಲ. ಪೆಟ್ರೋಲ್ ಕಮ್ಮಿ ಬಿದ್ದ ಸಿಲಿಂಡರಿನಲ್ಲಿ ಮಿಶ್ರಣ ನಿಧಾನವಾಗಿ ಉರಿದು, ಮಿಶ್ರಣವನ್ನು ಒಳಬಿಡುವ ಇನ್‌ಟೇಕ್ ವಾಲ್ವ್ ತೆರೆಯುವ ಹೊತ್ತಿಗೂ ಒಳಗೆ ಜ್ವಾಲೆ ಉಳಿದಿರುತ್ತಿತ್ತು. ಅದು ಕೊಳವೆಯೊಳಗೆ ಹಿಮ್ಮೊಗವಾಗಿ ನುಗ್ಗಿದರೆ ಬ್ಯಾಕ್‌ಫೈರ್. ಅಲ್ಲಿಂದ ಮ್ಯಾಗ್ನೀಸಿಯಂಗೆ ಬೆಂಕಿ.

ಎರಡನೆಯದು ಹಿಂದಿನ ಸಾಲಿನ ಎಕ್ಸಾಸ್ಟ್ ವಾಲ್ವ್, ಉರಿದ ಹೊಗೆಯನ್ನು ಹೊರಬಿಡುವಂಥದು. ಮುಂದಿನ ಸಾಲಿಗೆ ತಣ್ಣನೆ ಗಾಳಿ, ಹಿಂದಿನದಕ್ಕೆ ಅದರ ಎಂಜಲು. ಗಾಳಿಯ ತಡೆ ತಗ್ಗಿಸಲು ಎಂಜಿನ್ನಿನ ಹೊದಿಕೆಯನ್ನೂ ಬಿಗಿ ಮಾಡಿದ್ದರು. ಮೇಲ್ಭಾಗದ ಸಿಲಿಂಡರುಗಳ ವಾಲ್ವ್‌ಗಳಿಗೆ ಎಣ್ಣೆಯೂ ಸಾಲದು. ಕಾದ ವಾಲ್ವಿನ ದಂಡ ಹಿಗ್ಗಿ, ತಲೆ ಮುರಿದು ಸಿಲಿಂಡರಿನೊಳಗೆ ಬೀಳುತ್ತಿತ್ತು. ಪಿಸ್ಟನ್ ಅದನ್ನು ಜಜ್ಜಿ ಸಿಲಿಂಡರನ್ನೇ ಒಡೆಯುತ್ತಿತ್ತು. ಎಣ್ಣೆ ಸೋರಿ ಖಾಲಿಯಾದರೆ ಪ್ರೊಪೆಲ್ಲರ್ ಅಲಗುಗಳ ಅಂಚನ್ನು ಗಾಳಿಗೆ ತಿರುಗಿಸಿ ನಿಲ್ಲಿಸುವುದಕ್ಕೂ ಆಗುತ್ತಿರಲಿಲ್ಲ.

1943ರ ಫೆಬ್ರುವರಿ 18ರಂದು ಸಿಯಾಟಲ್‌ನಲ್ಲಿ ಬಿ-29ರ ಎರಡನೇ ಮೂಲಮಾದರಿ ವಿಮಾನದ ಎಂಜಿನ್ನಿಗೆ ಬೆಂಕಿ ಹತ್ತಿತು. ಆರಿಸಿ ಹಿಂದಿರುಗುವಾಗ ರೆಕ್ಕೆಯಲ್ಲಿ ಮತ್ತೆ ಉರಿ ಕಾಣಿಸಿತು. ವಿಮಾನ ಒಂದು ಮಾಂಸ ಸಂಸ್ಕರಣಾ ಕಾರ್ಖಾನೆಯ ಮೇಲೆ ಬಿತ್ತು. ಪರೀಕ್ಷಾ ಪೈಲಟ್ ಎಡ್ಡಿ ಆಲನ್ ಸೇರಿ ಒಳಗಿದ್ದ 11 ಜನರೂ, ಕೆಳಗಿದ್ದ ಹಲವು ಕೆಲಸಗಾರರೂ ಸತ್ತರು. ಅಮೆರಿಕದ ಸೆನೆಟರ್ ಟ್ರೂಮನ್ ಅವರ ತನಿಖಾ ಸಮಿತಿ ಎಂಜಿನ್ ಕಂಪನಿಯ ಗುಣಮಟ್ಟದ ತಪಾಸಣೆಯನ್ನೂ ಸೇನೆಯ ಅವಸರವನ್ನೂ ದೂರಿತು. ಅಷ್ಟಾದರೂ ಉತ್ಪಾದನೆ ನಿಲ್ಲಲಿಲ್ಲ. ಕ್ರೈಸ್ಲರ್ ಕಂಪನಿಯ ಶಿಕಾಗೋ ಕಾರ್ಖಾನೆಯೊಂದೇ 18 ಸಾವಿರಕ್ಕೂ ಹೆಚ್ಚು ಎಂಜಿನ್ ತಯಾರಿಸಿತು.

1944ರ ಏಪ್ರಿಲ್‌ನಲ್ಲಿ ಬಿ-29ಗಳು ಬಂದಿಳಿದದ್ದು ಬಂಗಾಳದ ಖರಗ್‌ಪುರದ ಸುತ್ತಲಿನ ನೆಲೆಗಳಿಗೆ, ಕಡುಬೇಸಿಗೆಗೆ. ದಾರಿಯಲ್ಲಿ ಕರಾಚಿಯ ಸುತ್ತಮುತ್ತಲೇ ಹಲವು ಬಿದ್ದು, ಹಾರಾಟ ನಿಲ್ಲಿಸಬೇಕಾಯಿತು. ಪರಿಹಾರವೆಂದು ಮಾಡಿದ್ದೆಲ್ಲ ಸಣ್ಣಪುಟ್ಟ ಕೆಲಸ: ಕೌಲ್ ಫ್ಲ್ಯಾಪ್ (ಕಾದ ಗಾಳಿ ಹೊರಹೋಗಲು ಎಂಜಿನ್ ಹೊದಿಕೆಗಿರುವ ಮುಚ್ಚಳ) ಗಿಡ್ಡ ಮಾಡಿದರು, ಗಾಳಿಯನ್ನು ನೇರ ಎಕ್ಸಾಸ್ಟ್ ವಾಲ್ವಿನ ಬುಡಕ್ಕೆ ತಿರುಗಿಸುವ ತಗಡು ಹಾಕಿದರು, ಮೇಲಿನ ಸಿಲಿಂಡರುಗಳಿಗೆ ಹೆಚ್ಚುವರಿ ಎಣ್ಣೆ ಕೊಳವೆ ಎಳೆದರು. ಮಿಕ್ಕದ್ದು ಚಾಲನೆಯ ಜಾಣತನ. ನೆಲದ ಮೇಲೆ ಎಂಜಿನ್ ಹೆಚ್ಚು ಹೊತ್ತು ಓಡಿಸಬಾರದು. ಕೌಲ್ ಫ್ಲ್ಯಾಪನ್ನು ಪೂರ್ತಿ ತೆರೆದಿಟ್ಟರೆ ವಿಮಾನಕ್ಕೆ ಗಾಳಿಯ ತಡೆ ಹೆಚ್ಚುತ್ತದೆ, ಮುಚ್ಚಿದರೆ ಸಿಲಿಂಡರ್ ಸುಡುತ್ತದೆ. ಹಾಗಾಗಿ ರನ್‌ವೇಯಲ್ಲಿ ಓಡುತ್ತಲೇ ಒಂದಿಷ್ಟೊಂದಿಷ್ಟೇ ಮುಚ್ಚುತ್ತ ಬರಬೇಕು. ನೆಲ ಬಿಟ್ಟ ಮೇಲೂ ಮೇಲೇರಲು ಆತುರ ಪಡದೆ, ವೇಗ ಕೂಡುವವರೆಗೆ ತಗ್ಗಿನಲ್ಲೇ ಹಾರಬೇಕು.

ಕಾರ್ಬ್ಯುರೇಟರ್ ತೆಗೆದು ಪ್ರತಿ ಸಿಲಿಂಡರಿಗೂ ನೇರ ಇಂಧನ ಚುಚ್ಚುವ ಏರ್ಪಾಡು ಬಂದದ್ದು ಯುದ್ಧದ ಕೊನೆಗಾಲಕ್ಕೆ. ಹಿರೋಶಿಮಾಕ್ಕೆ ಹೋದ ವಿಮಾನದಲ್ಲಿ ಇದ್ದದ್ದು ಆ ಬಗೆಯ ಎಂಜಿನ್. ಯುದ್ಧದ ನಂತರ ಎಕ್ಸಾಸ್ಟ್ ಹೊಗೆಯಿಂದ ತಿರುಗುವ ಮೂರು ಟರ್ಬೈನುಗಳನ್ನು ಕ್ರ್ಯಾಂಕಿಗೆ ಜೋಡಿಸಿ ಇದರ ಶಕ್ತಿ ಏರಿಸಿದರು. ಏರ್ ಇಂಡಿಯಾದ ಸೂಪರ್ ಕಾನ್‌ಸ್ಟಲೇಶನ್ ಪ್ರಯಾಣಿಕ ವಿಮಾನಗಳು ಹಾರಿದ್ದು ಅದರಿಂದ. ನಮ್ಮ ವಾಯುಪಡೆಯ ಸಿ-119 ಪ್ಯಾಕೆಟ್ ಸಾಗಣೆ ವಿಮಾನಗಳಲ್ಲೂ ಎರಡೆರಡು ಆರ್-3350 ಇದ್ದವು. ಹಿಮಾಲಯದ ತೆಳುಗಾಳಿಯಲ್ಲಿ ಇವೆರಡೇ ಸಾಲದೆ, ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಆರ್ಫಿಯಸ್ ಜೆಟ್ ಎಂಜಿನ್ನೊಂದನ್ನು ಆ ವಿಮಾನಗಳ ಬೆನ್ನ ಮೇಲೆ ಕೂರಿಸಲಾಯಿತು.